ಹತ್ತು ಕಾಳು ಅಕ್ಕಿಯ ಆಟ

ಅಮೆರಿಕದ ಪ್ರೋಗ್ರಾಮರ್ ಜಾನ್ ಬ್ರೀನ್ 2007ರ ಅಕ್ಟೋಬರಿನಲ್ಲಿ ಫ್ರೀರೈಸ್ ಎಂಬ ಜಾಲತಾಣ ತೆರೆದರು. ಕಾಲೇಜು ಪ್ರವೇಶದ ಎಸ್‌ಎಟಿ ಪರೀಕ್ಷೆಗೆ ಓದುತ್ತಿದ್ದ ಮಗ ನಾಲ್ಕು ಇಂಗ್ಲಿಷ್ ಪದ ಕಲಿಯಲಿ ಎಂಬುದು ಅಪ್ಪನ ಆಸೆ. ಪರದೆಯ ಮೇಲೊಂದು ಪದ, ಕೆಳಗೆ ನಾಲ್ಕು ಅರ್ಥ. ಸರಿಯಾದುದನ್ನು ಒತ್ತಿದರೆ ಹಸಿದವರಿಗೆ ಹತ್ತು ಕಾಳು ಅಕ್ಕಿ. ಅದರ ಖರ್ಚು ಜಾಹೀರಾತಿನವರದು. 2009ರಲ್ಲಿ ಬ್ರೀನ್ ಆ ತಾಣವನ್ನೇ ವಿಶ್ವಸಂಸ್ಥೆಯ ಆಹಾರ ಕಾರ್ಯಕ್ರಮಕ್ಕೆ ಕೊಟ್ಟುಬಿಟ್ಟರು.

ಅಕ್ಕಿಯ ಪುಣ್ಯ ಹಾಗಿರಲಿ. ಆ ಆಟದ ನಿಜವಾದ ಜಾಣತನ ಇದ್ದದ್ದು ಬೇರೆ ಕಡೆ: ತಪ್ಪಿದ ಪದ ಸ್ವಲ್ಪ ಹೊತ್ತಿಗೆ ಮತ್ತೆ ಎದುರಾಗುತ್ತಿತ್ತು. ಕಲಿತದ್ದರಲ್ಲಿ ಬಹುಪಾಲು ಮೊದಲ ಕೆಲವು ಗಂಟೆಗಳಲ್ಲೇ ಸೋರಿಹೋಗುತ್ತದೆಂದು ಜರ್ಮನಿಯ ಮನೋವಿಜ್ಞಾನಿ ಹರ್ಮನ್ ಎಬಿಂಗ್‌ಹೌಸ್ 1885ರಲ್ಲೇ ತೋರಿಸಿದ್ದರು, ಅದೂ ತಾವೇ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ಉರುಹೊಡೆದು. 2006ರಲ್ಲಿ ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕಿ ಪ್ರಕಟಿಸಿದ ಪ್ರಯೋಗದಲ್ಲಿ, ಪಾಠವನ್ನು ಮತ್ತೆ ಮತ್ತೆ ಓದಿದವರಿಗಿಂತ ಅದನ್ನು ಮುಚ್ಚಿಟ್ಟು ನೆನಪಿಸಿಕೊಂಡವರಿಗೆ ವಾರದ ನಂತರ ಹೆಚ್ಚು ಉಳಿದಿತ್ತು. ಪದ ನಿಲ್ಲುವುದು ತಡಕಾಡಿ ಹುಡುಕಿದಾಗ.

ಆದರೆ ಆಟಗಳು ತಡಕಾಡಲು ಬಿಡುವುದಿಲ್ಲ, ಅದೇ ನನ್ನ ತಕರಾರು. ನಾಲ್ಕರಲ್ಲಿ ಒಂದನ್ನು ಕಣ್ಣುಮುಚ್ಚಿ ಒತ್ತಿದರೂ ಆಗಾಗ ಅಕ್ಕಿ ಬಿದ್ದೇ ಬೀಳುತ್ತದೆ. ನಾರ್ವೆಯಿಂದ ಬಂದ ಕಹೂಟ್ ಎಂಬ ರಸಪ್ರಶ್ನೆ ಆಟದಲ್ಲಿ ಬೇಗ ಒತ್ತಿದವನಿಗೆ ಹೆಚ್ಚು ಅಂಕ. ಯೋಚಿಸುವ ಹುಡುಗಿ ಪಟ್ಟಿಯಲ್ಲಿ ಕೆಳಗೆ. ಈ ಲೆಕ್ಕಾಚಾರ ಒಂಬತ್ತನೇ ತರಗತಿಯವರಿಗೆ ಮೇಷ್ಟ್ರಿಗಿಂತ ಮೊದಲೇ ತಿಳಿದುಬಿಡುತ್ತದೆ.

ಬಹುಮಾನದ ಬಗ್ಗೆಯೂ ಒಂದು ಹಳೆಯ ಎಚ್ಚರಿಕೆ ಇದೆ. 1973ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಮನೋವಿಜ್ಞಾನಿಗಳಾದ ಲೆಪರ್, ಗ್ರೀನ್ ಮತ್ತು ನಿಸ್ಬೆಟ್ ಸ್ಟ್ಯಾನ್‌ಫರ್ಡಿನ ಶಿಶುವಿಹಾರದಲ್ಲಿ, ಚಿತ್ರ ಬರೆದರೆ ಪ್ರಶಸ್ತಿಪತ್ರ ಕೊಡುತ್ತೇವೆಂದು ಕೆಲವು ಮಕ್ಕಳಿಗೆ ಮೊದಲೇ ಹೇಳಿದರು. ಮುಂದೆ ಪ್ರಶಸ್ತಿಯ ಮಾತೇ ಇಲ್ಲದಿದ್ದಾಗ ಆ ಮಕ್ಕಳೇ ಚಿತ್ರದ ಕಡೆ ಕಡಿಮೆ ಸುಳಿದರು. ಅವರಿಗೆ ಚಿತ್ರ ಮೊದಲೇ ಇಷ್ಟವಿತ್ತು ಎಂಬುದನ್ನು ಮರೆಯಬಾರದು. ಇಂಗ್ಲಿಷ್ ಪುಸ್ತಕ ಕಂಡರೆ ಓಡುವ ಹುಡುಗನಿಗೆ ಅಂಕದ ಆಮಿಷದಿಂದ ಕಳೆದುಕೊಳ್ಳುವುದೇನೂ ಇಲ್ಲ. ತನ್ನಷ್ಟಕ್ಕೆ ಕಥೆ ಓದುತ್ತಿರುವವಳನ್ನು ಅದಕ್ಕೆ ಎಳೆಯದಿದ್ದರೆ ಸಾಕು.

ಇಂಥ ತಾಣಗಳಲ್ಲಿ ನನಗೆ ಹೆಚ್ಚು ಹಿಡಿಸಿದ್ದು ಕ್ವಿಜ್‌ಲೆಟ್ ಹುಟ್ಟಿದ ಬಗೆ. 2005ರಲ್ಲಿ ಕ್ಯಾಲಿಫೋರ್ನಿಯಾದ ಹದಿನೈದರ ಹುಡುಗ ಆಂಡ್ರ್ಯೂ ಸದರ್ಲೆಂಡ್, ಫ್ರೆಂಚ್ ತರಗತಿಯ ಪರೀಕ್ಷೆಗೆ ಪ್ರಾಣಿಗಳ ಹೆಸರು ಬಾಯಿಪಾಠ ಮಾಡಬೇಕಾಗಿ ಬಂದು ಅದನ್ನು ತಾನೇ ಕಟ್ಟಿಕೊಂಡ. ನಮ್ಮ ಕನ್ನಡ ಮಾಧ್ಯಮದ ಹೈಸ್ಕೂಲುಗಳಿಗೆ ಬೇಕಾದದ್ದು ಈ ದಾರಿ. ಆಟವನ್ನು ಮಕ್ಕಳೇ ಕಟ್ಟಲಿ, ಪಾಠದ ಪದಗಳನ್ನು ಅವರೇ ಆರಿಸಲಿ. ಸರಿಯುತ್ತರದ ಜೊತೆಗೆ ನಂಬುವಂಥ ಮೂರು ತಪ್ಪು ಉತ್ತರ ಹೊಸೆಯಬೇಕಾದರೆ ಪದದ ಅರ್ಥ, ಅದರ ನೆರೆಹೊರೆ ಎಲ್ಲ ಗೊತ್ತಿರಬೇಕು. ಅಲ್ಲಿ ಊಹೆ ನಡೆಯುವುದಿಲ್ಲ. ಇದಕ್ಕೆ ಕಂಪ್ಯೂಟರೂ ಕಡ್ಡಾಯವಲ್ಲ, ರಟ್ಟಿನ ಚೀಟಿ ನಡೆಯುತ್ತದೆ. ಇಂಗ್ಲಿಷ್ ಮೇಷ್ಟ್ರುಗಳೇ, ಮುಂದಿನ ಪಾಠಕ್ಕೆ ಪ್ರಶ್ನೆ ತಯಾರಿಸುವ ಕೆಲಸವನ್ನು ಒಮ್ಮೆ ಹಿಂದಿನ ಬೆಂಚಿಗೆ ವಹಿಸಿ ನೋಡಿ.