ಬೆಲೆ ಕಮ್ಮಿಯ ಔಷಧಿ ಇದೆ ಅಂತ ಯಾಕ್ ಹೇಳಲಿಲ್ಲ?

ನಮ್ಮ ಚಿಕ್ಕವ್ವನಿಗೆ ಸ್ತನ ಕ್ಯಾನ್ಸರ್. ಎಚ್‌ಇಆರ್-2 ಪಾಸಿಟಿವ್ ಅಂದ್ರು. ಡಾಕ್ಟರು ವಿದೇಶಿ ಬ್ರ್ಯಾಂಡಿನ ಟ್ರಾಸ್ಟುಜುಮ್ಯಾಬ್ ಬರೆದ್ರು. ಮೊದಲ ಡೋಸಿಗೆ ಕಿವಿಯೋಲೆ ಹೋಯ್ತು, ಎರಡನೇದಕ್ಕೆ ಮೇಕೆಗಳು, ಮೂರನೇದಕ್ಕೆ ಬಡ್ಡಿ ಸಾಲ. ಇದರದೇ ಬಯೋಸಿಮಿಲರ್ ಕಮ್ಮಿ ಬೆಲೆಗೆ ಸಿಗುತ್ತೆ ಅಂತ ಆಸ್ಪತ್ರೆಯಲ್ಲಿ ಒಬ್ಬರೂ ಬಾಯಿಬಿಡಲಿಲ್ಲ. ಹೇಳಿದ್ದು ವಾರ್ಡಿನ ಹೊರಗೆ ಕೂತಿದ್ದ ಇನ್ನೊಬ್ಬ ರೋಗಿಯ ಮಗ!

ಅದನ್ನ ಮಾಡಿದ್ದು ನಮ್ಮ ಬೆಂಗಳೂರಿನ ಬಯೋಕಾನ್. 2014ರಲ್ಲೇ ಮಾರುಕಟ್ಟೆಗೆ ಬಂತು. ಮೂಲ ಔಷಧಿಯ ಕಂಪನಿ ರೋಶ್ ಆ ವರ್ಷವೇ ದೆಹಲಿ ಹೈಕೋರ್ಟ್ ಮೆಟ್ಟಿಲೇರಿತು. ಕೋಟಿಗಳ ಜಗಳ ಅವರದು, ಓಲೆ ಮಾರಿದ್ದು ನಮ್ಮವ್ವ.

"ಅಗ್ಗದ್ದು, ಕೆಲಸ ಮಾಡಲ್ಲ" ಅನ್ನೋರಿಗೆ ಒಂದು ಮಾತು. ಜೀವಕೋಶಗಳಿಂದ ತಯಾರಾಗೋದ್ರಿಂದ ಇದು ಮೂಲದ ಪಡಿಯಚ್ಚು ಅಲ್ಲ, ನಿಜ. ಆದ್ರೆ ಪರಿಣಾಮ, ಸುರಕ್ಷತೆ ಎರಡನ್ನೂ ಮೂಲದ ಜೊತೆ ಹೋಲಿಸಿ ನೋಡಿದ ಮೇಲೇ ಅನುಮತಿ. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೇ ಒಂದು ಟ್ರಾಸ್ಟುಜುಮ್ಯಾಬ್ ಬಯೋಸಿಮಿಲರ್‌ಗೆ ಮಾನ್ಯತೆ ಕೊಟ್ಟಿದೆ.

ಅಂದು ಕೆರೆಯ ನೀರು ಮುಟ್ಟಬೇಡಿ ಅಂದ್ರು, ಅಕ್ಷರ ಮುಟ್ಟಬೇಡಿ ಅಂದ್ರು. ಇವತ್ತು ಬಾಯಲ್ಲಿ ಹೇಳಲ್ಲ, ಮಾಹಿತಿ ಬಚ್ಚಿಡ್ತಾರೆ. ಹರಕು ಸೀರೆಯವಳು ಪ್ರಶ್ನೆ ಕೇಳಲ್ಲ ಅನ್ನೋ ಧೈರ್ಯ!

ಪರ್ಯಾಯ ಚಿಕಿತ್ಸೆ ಆರಿಸಿಕೊಳ್ಳೋದು, ದರ ತಿಳಿಯೋದು ರೋಗಿಯ ಹಕ್ಕು ಅಂತ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗದ ಸನ್ನದೇ ಹೇಳುತ್ತೆ. ನೀವಾಗೇ ಔಷಧಿ ಬದಲಿಸಬೇಡಿ. ಆದ್ರೆ ಡಾಕ್ಟರ ಮುಂದೆ ಕೂತು ಕೇಳಿ: "ಸರ್, ಇದಕ್ಕೆ ಬಯೋಸಿಮಿಲರ್ ಇದೆಯಾ? ರೇಟ್ ಎಷ್ಟು?"

ಕೇರಿ ಕೇರಿಗೂ ಈ ಪ್ರಶ್ನೆ ಮುಟ್ಟಿಸಿ. ಜೈ ಭೀಮ್.