ಬಂದ ಲೆಕ್ಕವನ್ನೇ ಬರೆಯಿರಿ



1000 ವ್ಯಾಟಿನ ಉಪಕರಣ 1 ಗಂಟೆ ನಡೆದರೆ 1 ಯೂನಿಟ್ ಎಂದು ಶಾಲೆಯಲ್ಲಿ ಕಲಿಯುತ್ತೀರಿ. ಮನೆಯಲ್ಲಿ ಉಳಿದ ಸ್ವಿಚ್ಚುಗಳನ್ನೆಲ್ಲ ಆರಿಸಿ, ಹಿರಿಯರು 1000 ವ್ಯಾಟಿನ ಇಸ್ತ್ರಿಪೆಟ್ಟಿಗೆಯಲ್ಲಿ 1 ಗಂಟೆ ಬಟ್ಟೆ ಇಸ್ತ್ರಿ ಮಾಡುವಾಗ ಮೀಟರಿನ ಅಂಕಿ ಬರೆದುಕೊಳ್ಳಿ. ಸಾಮಾನ್ಯವಾಗಿ 1 ಯೂನಿಟ್‌ಗಿಂತ ಕಡಿಮೆ ಬರುತ್ತದೆ.

ಪಾಠಕ್ಕೆ ಹೊಂದಲಿಲ್ಲವೆಂದು ಅಳಿಸಿ 1 ಎಂದು ಬರೆಯಬೇಡಿ. ಪೆಟ್ಟಿಗೆ ಸಾಕಷ್ಟು ಬಿಸಿಯಾದಾಗ ಒಳಗಿನ ಥರ್ಮೋಸ್ಟಾಟ್ ತಾನಾಗಿ ಕರೆಂಟು ನಿಲ್ಲಿಸುತ್ತದೆ, ತಣಿದಾಗ ಮತ್ತೆ ಬಿಡುತ್ತದೆ. ಇದನ್ನು ತಿಳಿಸಿಕೊಡುವುದು ಆ ಕಡಿಮೆ ಬಂದ ಅಂಕಿಯೇ.

ರಾತ್ರಿ ಪ್ರಾರ್ಥನೆಯ ಆತ್ಮಶೋಧನೆಯೂ ಹೀಗೆಯೇ. ದಿನ ಹೇಗಿರಬೇಕಿತ್ತು ಎಂಬುದನ್ನಲ್ಲ, ಹೇಗಿತ್ತೋ ಅದನ್ನೇ ದೇವರ ಮುಂದಿಡಿ. ಎಲ್ಲಿ ತಿದ್ದಿಕೊಳ್ಳಬೇಕೆಂದು ಆಗ ತಿಳಿಯುತ್ತದೆ. ಅಲ್ಪ ವಿಷಯಗಳಲ್ಲೂ ಪ್ರಾಮಾಣಿಕರಾಗಿರಲು ಯೇಸುಸ್ವಾಮಿ ನಮಗೆ ಕಲಿಸಿದ್ದಾರೆ.

ದೇವರು ನಿಮ್ಮನ್ನು ಆಶೀರ್ವದಿಸಲಿ.