ಆಪರೇಷನ್ ಆಗಿದ್ದು ಅಮ್ಮನಿಗೆ, ಅಭ್ಯಾಸ ಬದಲಾಗಬೇಕಿದ್ದು ನಮ್ಮದು

"ಕಷ್ಟಪಟ್ಟು ತೂಕ ಇಳಿಸೋಕೆ ಆಗದವರು ಆಪರೇಷನ್ ಮಾಡಿಸ್ಕೋತಾರೆ ಮಗಾ, ಎಲ್ಲಾ ಶಾರ್ಟ್‌ಕಟ್." ಹೋದ ವಾರ ಕ್ಯಾಂಟೀನ್‌ನಲ್ಲಿ ನಮ್ಮ ಟೇಬಲ್‌ನಲ್ಲೇ ಕೂತಿದ್ದ ಒಬ್ಬ ಹೇಳಿದ ಮಾತಿದು. ಎಲ್ಲರೂ ನಕ್ಕರು. ನಾನು ಸುಮ್ಮನೆ ಟೀ ಕುಡಿದೆ. ಅಲ್ಲಿ ಹೇಳದೇ ಇದ್ದದ್ದನ್ನ ಇಲ್ಲಿ ಬರೀತಿದೀನಿ, ಅಮ್ಮನ ಪರ್ಮಿಷನ್ ತಗೊಂಡೇ.

ಎರಡು ವರ್ಷದ ಹಿಂದೆ ನಮ್ಮಮ್ಮನಿಗೆ ತೂಕ ಇಳಿಸುವ ಸರ್ಜರಿ ಆಯ್ತು. ಆಗ 104 ಕೆಜಿ ಇದ್ದಳು. ಶುಗರ್ ಇತ್ತು, ಮೆಟ್ಟಿಲು ಹತ್ತಿದರೆ ಮಂಡಿ ನೋವು. ವಾಕಿಂಗ್, ಡಯಟ್, ಬೆಳಿಗ್ಗೆ ಎದ್ದು ಜೀರಿಗೆ ನೀರು, ಎಲ್ಲಾ ಮಾಡಿ ಆಗಿತ್ತು. ಡಾಕ್ಟರ್ ಸರ್ಜರಿ ಅಂದ ಮೇಲೂ ನನ್ನ ಸೆಕೆಂಡ್ ಪಿಯು ಪರೀಕ್ಷೆ, ಸಿಇಟಿ ಎರಡೂ ಮುಗಿಯಲಿ ಅಂತ ಕಾದಳು. ತನ್ನದು ಎಲ್ಲರದ್ದೂ ಆದ ಮೇಲೆ. ಸಮಸ್ಯೆ ಅಲ್ಲೇ ಇತ್ತು, ನಮಗೆ ಕಾಣಲಿಲ್ಲ.

ಅವಳಿಗೆ ಆಗಿದ್ದು ಸ್ಲೀವ್ ಗ್ಯಾಸ್ಟ್ರೆಕ್ಟಮಿ. ಹೊಟ್ಟೆಯ ಚೀಲದಲ್ಲಿ ಸುಮಾರು 75ರಿಂದ 80 ಪರ್ಸೆಂಟ್ ತೆಗೆದು, ಬಾಳೆಹಣ್ಣಿನ ಆಕಾರದ ಸಣ್ಣ ಕೊಳವೆಯಷ್ಟು ಮಾತ್ರ ಉಳಿಸ್ತಾರೆ. ಹಸಿವು ಹುಟ್ಟಿಸುವ ಗ್ರೆಲಿನ್ ಅನ್ನೋ ಹಾರ್ಮೋನ್ ಹೆಚ್ಚಾಗಿ ತಯಾರಾಗೋದು ತೆಗೆದುಹಾಕುವ ಭಾಗದಲ್ಲೇ. ಅದಕ್ಕೇ ಮೊದಲ ತಿಂಗಳುಗಳಲ್ಲಿ ಹಸಿವೇ ಕಡಿಮೆ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಟ್ಯಾಂಕ್ ಚಿಕ್ಕದಾಯ್ತು. ಆದರೆ ಟ್ಯಾಂಕ್ ಚಿಕ್ಕದು ಮಾಡಿ ನಲ್ಲಿ ಮೊದಲಿನ ಸ್ಪೀಡಲ್ಲೇ ಬಿಟ್ಟರೆ ಏನಾಗುತ್ತೆ? ಅಮ್ಮನಿಗೂ ಅದೇ ಆಯ್ತು. ಗಬಗಬ ಎರಡು ತುತ್ತು ಹೆಚ್ಚು ತಿಂದರೆ ಎದೆಯಲ್ಲಿ ಒತ್ತಿದ ಹಾಗೆ, ಆಮೇಲೆ ವಾಂತಿ.

ಮೊದಲು ಬರೀ ನೀರಿನಂಥ ಆಹಾರ, ಆಮೇಲೆ ಗಂಜಿಯಂಥದ್ದು, ಆಮೇಲೆ ಮೆತ್ತಗಿನದ್ದು. ಹೀಗೆ ಒಂದೂವರೆ ಎರಡು ತಿಂಗಳು ಕಳೆದ ಮೇಲೆ ಮಾಮೂಲಿ ಊಟ. ಅಲ್ಲಿಂದ ಶುರು ನಿಜವಾದ ಪರೀಕ್ಷೆ. ನಿಯಮಗಳು ಕೇಳೋಕೆ ಸುಲಭ. ದಿನಕ್ಕೆ ಕಡಿಮೆ ಅಂದ್ರೂ 60 ಗ್ರಾಂ ಪ್ರೋಟೀನ್. ಚೆನ್ನಾಗಿ ಅಗಿದು, 20ರಿಂದ 30 ನಿಮಿಷ ಕೂತು ಊಟ. ಊಟದ ಜೊತೆ ನೀರಿಲ್ಲ, ಅರ್ಧ ಗಂಟೆ ಆದ ಮೇಲೆ. ಬಿ12, ಕಬ್ಬಿಣ, ಕ್ಯಾಲ್ಸಿಯಂ, ವಿಟಮಿನ್ ಡಿ ಮಾತ್ರೆಗಳು ಜೀವನಪೂರ್ತಿ.

ಒಂದು ಮೊಟ್ಟೆಯಲ್ಲಿ ಇರೋದು ಸುಮಾರು 6 ಗ್ರಾಂ ಪ್ರೋಟೀನ್. ಅಷ್ಟು ಸಣ್ಣ ಹೊಟ್ಟೆಯಲ್ಲಿ 60 ಗ್ರಾಂ ತುಂಬಿಸೋದು ಹೇಗೆ ಅಂತ ಲೆಕ್ಕ ಹಾಕಿ ನೋಡಿ. ನಾವು ಹಾಸನದ ಕಡೆಯವರು, ಮಧ್ಯಾಹ್ನ ಮುದ್ದೆ ಇರಲೇಬೇಕು. ಮುದ್ದೆ ಅಗಿಯಬಾರದು, ನುಂಗಬೇಕು ಅಂತ ಚಿಕ್ಕಂದಿನಿಂದ ಕಲಿಸಿದ್ದು ಅಮ್ಮನೇ. ಈಗ ಡಾಕ್ಟರು ಅವಳಿಗೆ ಹೇಳಿದ್ದು, ಏನನ್ನೂ ನುಂಗಬೇಡಿ, ಅಗೀರಿ ಅಂತ! ಇನ್ನು ಕೈಗೆ ಕೊಟ್ಟ ಡಯಟ್ ಚಾರ್ಟ್ ಪೂರ್ತಿ ಇಂಗ್ಲಿಷಲ್ಲಿತ್ತು. ಓಟ್ಸ್, ಸೂಪ್, ಸಲಾಡ್. "ಇದರಲ್ಲಿ ನಮ್ಮನೆ ಊಟ ಎಲ್ಲಿದೆ?" ಅಂತ ಕೇಳಿದಳು. ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನನಗೆ ಆ ಚಾರ್ಟ್ ಓದೋಕೆ ಬಂತು, ಆ ಪ್ರಶ್ನೆಗೆ ಉತ್ತರ ಬರಲಿಲ್ಲ.

ಆದರೂ ಮೊದಲ ವರ್ಷ 29 ಕೆಜಿ ಇಳಿದಳು. ಶುಗರ್ ಮಾತ್ರೆ ಕಡಿಮೆ ಆಯ್ತು. ಎಲ್ಲರೂ ಖುಷಿ. ಆಮೇಲೆ ನಿಧಾನವಾಗಿ 5 ಕೆಜಿ ವಾಪಸ್ ಬಂತು. ಇದು ಅಪರೂಪ ಏನಲ್ಲ. ಕಾಲ ಕಳೆದಂತೆ ಹಸಿವು ಮತ್ತೆ ಹೆಚ್ಚಾಗಬಹುದು, ಉಳಿದ ಹೊಟ್ಟೆ ಸ್ವಲ್ಪ ಹಿಗ್ಗಬಹುದು. ಆದರೆ ಮನೆಯಲ್ಲಿ ಶುರುವಾಗಿದ್ದೇ ಬೇರೆ: "ಅಷ್ಟು ದುಡ್ಡು ಹಾಕಿದ್ದೀವಿ, ಬಾಯಿ ಕಟ್ಟೋಕೆ ಆಗಲ್ವಾ ನಿಂಗೆ?" ಈ ಮಾತು ಅಪ್ಪನೂ ಹೇಳಿದ್ದಾರೆ, ನಾನೂ ಹೇಳಿದ್ದೀನಿ. ಮುಚ್ಚಿಡಲ್ಲ.

ಚೆಕಪ್‌ಗೆ ಹೋದಾಗ ಡಯಟೀಷಿಯನ್ ಮೇಡಂ ಒಂದೇ ಪ್ರಶ್ನೆ ಕೇಳಿದರು. "ಮಧ್ಯಾಹ್ನ ಎಷ್ಟು ಗಂಟೆಗೆ ಊಟಕ್ಕೆ ಕೂರ್ತೀರಾ?" ಅಮ್ಮ ನಮ್ಮ ಮುಖ ನೋಡಿದಳು. ಅವಳಿಗೆ ಟೈಮ್ ಅಂತ ಒಂದು ಇರಲೇ ಇಲ್ಲ. ಅಜ್ಜಿಗೆ, ಅಪ್ಪನಿಗೆ, ತಮ್ಮನಿಗೆ, ರಜೆಗೆ ಬಂದರೆ ನನಗೆ ಬಡಿಸಿ, ಕಟ್ಟೆ ಒರೆಸಿ, ಮೂರು ಗಂಟೆಗೆ ನಿಂತುಕೊಂಡೇ ಐದು ನಿಮಿಷದಲ್ಲಿ ಊಟ. ಅಷ್ಟರಲ್ಲಿ ಕಾಳು ನಮ್ಮ ತಟ್ಟೆ ಸೇರಿರುತ್ತೆ. ಉಳಿದದ್ದು ಅನ್ನ, ತಿಳಿ ಸಾರು. ಒಮ್ಮೊಮ್ಮೆ ಅದೂ ಬೇಡ ಅಂತ ಬಿಟ್ಟು, ನಾಲ್ಕು ಗಂಟೆಗೆ ಕಾಫಿ ಜೊತೆ ಬಿಸ್ಕೆಟ್. ಬಿಸ್ಕೆಟ್, ಖಾರಾ ಮಿಕ್ಸ್ಚರ್ ಸಣ್ಣ ಹೊಟ್ಟೆಯಲ್ಲೂ ಆರಾಮಾಗಿ ಜಾರಿಹೋಗುತ್ತವೆ, ತುಂಬಿದ ಹಾಗೆ ಅನ್ನಿಸೋದೇ ಇಲ್ಲ. ತೂಕ ವಾಪಸ್ ಬಂದದ್ದು ಆ ದಾರಿಯಿಂದ.

ನನ್ನ ಅಭಿಪ್ರಾಯ ಇಷ್ಟೇ. ಸರ್ಜರಿ ಆದವರ ಊಟದ ಅಭ್ಯಾಸ ಉಳಿಯೋದು ಬರೀ ಅವರ ವಿಲ್ ಪವರ್‌ನಿಂದ ಅಲ್ಲ. ಅರ್ಧ ಗಂಟೆ ಕೂತು ಅಗಿದು ತಿನ್ನಿ ಅನ್ನೋ ಸಲಹೆ ಕೊಡೋದು ಸುಲಭ. ಆ ಅರ್ಧ ಗಂಟೆಯನ್ನ ಮನೆಯವರು ಬಿಟ್ಟುಕೊಡಬೇಕಲ್ಲ?

ಅವರ ಜವಾಬ್ದಾರಿ ಏನೂ ಇಲ್ವಾ ಅಂತ ನೀವು ಕೇಳಬಹುದು. ಇದೆ. ಅಮ್ಮ ದಿನಾ ನಡೀತಾಳೆ, ಮಾತ್ರೆ ತಪ್ಪಿಸಲ್ಲ, ಗೃಹಪ್ರವೇಶದ ಪಂಕ್ತಿಯಲ್ಲಿ "ನಮ್ಮನೆ ಒಬ್ಬಟ್ಟು ಸೇರಲ್ವಾ?" ಅಂತ ಚುಚ್ಚಿದರೂ ಎಲೆಗೆ ಕೈ ಅಡ್ಡ ಹಿಡೀತಾಳೆ. ಅವಳ ಪಾಲಿನ ಕೆಲಸ ಅವಳು ಮಾಡ್ತಾಳೆ. ಮಾಡದೇ ಇದ್ದವರು ನಾವು.

ಈಗ ನಮ್ಮನೆಯಲ್ಲಿ ಒಂದು ಗಂಟೆಗೆ ಮೊದಲ ತಟ್ಟೆ ಅಮ್ಮನದು, ಚಿಕ್ಕ ತಟ್ಟೆ. ಮೊದಲು ಮೊಟ್ಟೆ ಅಥವಾ ಬೆಂದ ಕಾಳು, ಗಟ್ಟಿ ಮೊಸರು. ಆಮೇಲೆ ಪಲ್ಯ. ಜಾಗ ಉಳಿದರೆ ಕೊನೆಗೆ ಮೆತ್ತಗಿನ ರಾಗಿ ರೊಟ್ಟಿ ಒಂದು ಚೂರು, ಅಗಿದು ತಿನ್ನೋಕೆ ಆಗುತ್ತೆ. ಅಪ್ಪ ಬಡಿಸೋದು ಕಲಿತಿದ್ದಾರೆ, ಸಾರು ಸ್ವಲ್ಪ ಚೆಲ್ತಾರೆ ಅಷ್ಟೇ. ಚಾರ್ಟನ್ನ ನಾನು ಕನ್ನಡದಲ್ಲಿ ಬರೆದು ಫ್ರಿಜ್ ಮೇಲೆ ಅಂಟಿಸಿದ್ದೀನಿ. ಓಟ್ಸ್ ಇದ್ದಲ್ಲಿ ಹೆಸರುಕಾಳು ಬಂದಿದೆ, ಡಯಟೀಷಿಯನ್ ಮೇಡಂಗೆ ತೋರಿಸಿ ಸರಿ ಅನ್ನಿಸಿಕೊಂಡೇ. ತೂಕ ಮತ್ತೆ ಏರಿಲ್ಲ. ನಾಳೆ ಏರಲ್ಲ ಅಂತ ಗ್ಯಾರಂಟಿ ನಾನು ಕೊಡಲ್ಲ. ಆದರೆ ಏರಿದರೆ ಬೈಯೋಕೆ ಮುಂಚೆ ಗಡಿಯಾರ ನೋಡ್ತೀವಿ.

ಸರ್ಜರಿ ಒಳ್ಳೇದು, ಎಲ್ಲರೂ ಮಾಡಿಸ್ಕೊಳ್ಳಿ ಅಂತ ನಾನು ಹೇಳ್ತಿಲ್ಲ. ಅದು ಡಾಕ್ಟರ್ ಹೇಳಬೇಕಾದ್ದು. ನಿಮ್ಮ ಮನೆಯಲ್ಲೋ ನೆಂಟರಲ್ಲೋ ಯಾರಿಗಾದರೂ ಆಗಿದ್ದರೆ ಶಾರ್ಟ್‌ಕಟ್ ಅನ್ನಬೇಡಿ, "ಇನ್ನೊಂದು ಹಾಕಿಸ್ಕೊಳ್ಳಿ" ಅಂತ ಬಲವಂತನೂ ಮಾಡಬೇಡಿ. ಆಪರೇಷನ್ ಯಾರಿಗೂ ಆಗಿಲ್ವಾ? ಆದರೂ ಈ ವಾರ ಊರಿಗೆ ಹೋದಾಗ ನಿಮ್ಮಮ್ಮ ಎಷ್ಟು ಗಂಟೆಗೆ, ಎಲ್ಲಿ ಕೂತು, ಏನು ಊಟ ಮಾಡ್ತಾರೆ ನೋಡಿ. ನಮ್ಮನೆಯಲ್ಲಿ ಅದನ್ನ ನೋಡೋಕೆ ಒಂದು ಆಪರೇಷನ್ನೇ ಆಗಬೇಕಾಯ್ತು.